ಸದ್ದು ಮಾಡದ ಕಾಯಿ

ಜಾಲಿಕಟ್ಟೆ ಎಂಬ ಕೆರೆಯೊಂದಿತ್ತು. ಸುತ್ತ ಕುರುಚಲು ಕಾಡು, ಒಂದು ಮಗ್ಗುಲಿಗೆ ಬಂಡೆಗುಡ್ಡ, ಇನ್ನೊಂದು ಮಗ್ಗುಲಿಗೆ ಬಿಸಿಲಿಗೆ ಹೊಳೆಯುವ ಗರಸು ನೆಲ. ಈ ಕೆರೆಯ ಪ್ರಾಣಿಗಳಿಗೆ ಒಂದು ವರ್ಷ ಇದ್ದಕ್ಕಿದ್ದಂತೆ ಸಾಕುವ ಹುಚ್ಚು ಹಿಡಿಯಿತು.

ಮೊದಲು ಮುಳ್ಳುಹಂದಿ ಒಂದು ಅಳಿಲು ಸಾಕಿತು. ಅದನ್ನು ನೋಡಿ ಕಾಡುಹಂದಿ ಒಂದು ಕಪ್ಪೆ ಸಾಕಿತು. ಕಪ್ಪೆಯನ್ನು ನೋಡಿ ಹೊಟ್ಟೆಕಿಚ್ಚಾಗಿ ನರಿ ಒಂದು ಓತಿಕ್ಯಾತ ಸಾಕಿತು. ಮಕ್ಕಳೇ, ಯಾರು ಸಾಕುವವರು, ಯಾರು ಸಾಕಿಸಿಕೊಳ್ಳುವವರು ಎಂದು ತೀರ್ಮಾನ ಮಾಡಿದವರು ಯಾರು ಎಂದು ಕೇಳಬೇಡಿ. ಸಾಕುವವರೇ ತೀರ್ಮಾನ ಮಾಡಿದರು.

ಎಲ್ಲರಿಗಿಂತ ಮುದ್ದಾಗಿ ಸಾಕಿದವಳು ಕರಡಿ ಚೆನ್ನಾಜಮ್ಮ. ಅವಳದು ಒಂದು ಮುಂಗುಸಿ ಮರಿ, ಹೆಸರು ಪುಟ್ಟಸಾಮಿ. ಕೆಂಪು ಕಣ್ಣು, ಚೂಪು ಮೂತಿ, ಸೂಜಿಯಂಥ ಹಲ್ಲು. ಆ ಹಲ್ಲು ಕಾಡಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಚೆನ್ನಾಜಮ್ಮನಿಗೆ ಮಾತ್ರ ಕಾಣುತ್ತಿರಲಿಲ್ಲ.

ಪುಟ್ಟಸಾಮಿ ಮೊಲವನ್ನು ಪೊದೆಯವರೆಗೂ ಅಟ್ಟಿಸಿಕೊಂಡು ಹೋದರೆ, "ಆಟ ಆಡ್ತಿದಾನೆ ಕಣೋ, ಯಾಕೆ ಓಡ್ತೀಯ?" ಎನ್ನುತ್ತಿದ್ದಳು.

ಕಾಡುಹಂದಿಯ ಬಾಲ ಕಚ್ಚಿ ಜೋತುಬಿದ್ದರೆ, "ಮುತ್ತು ಕೊಡ್ತಿದಾನೆ ಅಣ್ಣಾ, ಬಾಲ ಆಡಿಸ್ಬೇಡ!"

ಯಾರಾದರೂ ಹೆದರಿ ದಾರಿ ಬದಲಿಸಿದರೆ ದೂರದಿಂದಲೇ ಕೂಗಿ ಹೇಳುತ್ತಿದ್ದಳು: "ಬನ್ನಿ, ಬನ್ನಿ! ನಮ್ಮವನು ಏನೂ ಮಾಡಲ್ಲ!"

ಹೀಗೆ ಏನೂ ಮಾಡದವರ ಸಂಖ್ಯೆ ಹೆಚ್ಚುತ್ತಾ ಹೋಗಿ, ಕಾಡಿನಲ್ಲಿ ಗಾಯವಿಲ್ಲದ ಬಾಲ ಅಪರೂಪವಾಯಿತು. ಆಗ ಜಾಲಿಮರದ ಕೆಳಗೆ ಪಂಚಾಯಿತಿ ಸೇರಿತು. ಅಧ್ಯಕ್ಷ ಆಮೆ ಕೆಂಚಪ್ಪಜ್ಜ ಸಭೆಗೆ ಹೊತ್ತಿಗೆ ಸರಿಯಾಗಿ ಬಂದ. ಹಿಂದಿನ ದಿನವೇ ಹೊರಟಿದ್ದ.

ಮೊದಲು ಮಾತಾಡಿದವಳು ಟಿಟ್ಟಿಭ ಹಕ್ಕಿ ದ್ಯಾವಕ್ಕ. ಟಿಟ್ಟಿಭಗಳು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಗರಸು ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಹರಳುಕಲ್ಲು, ಆಯಿತು ಮನೆ. ಮೊಟ್ಟೆಗಳೂ ಹರಳಿನ ಹಾಗೇ ಕಾಣುತ್ತವೆ.

"ಅಜ್ಜಾ, ಮಧ್ಯಾಹ್ನ ನೆಲ ಹಂಚಿನ ಹಾಗೆ ಕಾಯುತ್ತೆ," ಎಂದಳು ದ್ಯಾವಕ್ಕ. "ಆಗ ನಾನು ಕೆರೆಗೆ ಹೋಗಿ ಹೊಟ್ಟೆ ಪುಕ್ಕ ನೆನೆಸ್ಕೊಂಡು ಬಂದು ಮೊಟ್ಟೆ ತಂಪು ಮಾಡ್ಬೇಕು. ಇಲ್ಲಾಂದ್ರೆ ಒಳಗಿರೋ ಮಕ್ಕಳು ಬೆಂದು ಹೋಗ್ತವೆ. ನಾನು ನೀರಲ್ಲಿದ್ದಾಗ ಇವರ ಸಾಕುಮಕ್ಕಳು ಬಂದರೆ ನನಗೆ ಗೊತ್ತಾಗೋದು ಹೇಗೆ? ಒಂದು ಸದ್ದಾದರೂ ಬೇಡವಾ? ಸದ್ದು ಕೇಳಿದರೆ ಹಾರಿ ಬಂದು, ರೆಕ್ಕೆ ಮುರಿದವಳ ಹಾಗೆ ಕುಂಟುತ್ತಾ ಎದುರಿಗೆ ಓಡ್ತೀನಿ. ನನ್ನ ಹಿಡಿಯೋಕೆ ಅದು ನನ್ನ ಹಿಂದೆ ಬರುತ್ತೆ, ಮೊಟ್ಟೆ ಉಳಿಯುತ್ತೆ."

ನ್ಯಾಯವಾದ ಮಾತು. ಆ ಸಭೆಯಲ್ಲೇ ನಿಯಮವಾಯಿತು. ಸಾಕಿದ ಪ್ರತಿ ಪ್ರಾಣಿಯ ಕೊರಳಿಗೆ ಒಂದು ಗಿಲಿಗಿಲಿ ಕಾಯಿ ಕಟ್ಟಬೇಕು. ಒಣಗಿದ ಆ ಕಾಯಿಯೊಳಗೆ ಬೀಜಗಳು ಬಿಡಿಬಿಡಿಯಾಗಿರುತ್ತವೆ, ಹೆಜ್ಜೆಹೆಜ್ಜೆಗೂ ಗಿಲಿಗಿಲಿ ಎನ್ನುತ್ತವೆ. ಗರಸು ನೆಲದ ಹತ್ತಿರ ಹೋಗುವಾಗ ಬಳ್ಳಿ ಕಟ್ಟಿ ಹಿಡಿದುಕೊಳ್ಳಬೇಕು. ಸಾಕಿದ ಪ್ರಾಣಿ ದಾರಿಯಲ್ಲಿ ಮಾಡಿದ್ದರ ಮೇಲೆ ಸಾಕಿದವರೇ ಮಣ್ಣು ಮುಚ್ಚಬೇಕು. ಈ ಕೊನೆಯ ಮಾತು ಬಂದಾಗ ಸಭೆಯಲ್ಲಿ ಎಲ್ಲರೂ ಆಕಾಶ ನೋಡಿದರು.

"ಸದ್ದಿಲ್ಲದೆ ಒಂಟಿಯಾಗಿ ತಿರುಗೋದು ಯಾರದೂ ಅಲ್ಲದ ಪ್ರಾಣಿ ಅಂತ ಲೆಕ್ಕ," ಎಂದ ಕೆಂಚಪ್ಪಜ್ಜ. "ಅದನ್ನ ಬಸಲಿಂಗಪ್ಪ ಹಿಡಿದು ಗುಡ್ಡದ ಆಚೆ ಬಿಟ್ಟು ಬರ್ತಾನೆ."

ಬಸಲಿಂಗಪ್ಪ ಎಂದರೆ ಹೆಜ್ಜಾರ್ಲೆ ಹಕ್ಕಿ. ಅವನ ಕೊಕ್ಕಿನ ಕೆಳಗೆ ಒಂದು ದೊಡ್ಡ ಚೀಲವಿದೆಯಲ್ಲ, ಅದನ್ನು ನೋಡಿಯೇ ಅವನಿಗೆ ಈ ಕೆಲಸ ಕೊಟ್ಟಿದ್ದರು. ಗುಡ್ಡದ ಆಚೆ ಏನಿದೆ ಎಂದು ಯಾರೂ ಕೇಳಲಿಲ್ಲ. ಅಲ್ಲಿ ತೋಳಗಳಿದ್ದವು.

ನಿಯಮಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಚೆನ್ನಾಜಮ್ಮ. "ಬೇಕಾಗಿತ್ತು ಅಜ್ಜಾ! ಆ ನರಿಯ ಓತಿಕ್ಯಾತಕ್ಕೆ ಒಂದು ಅಂಕೆ ಬೇಡವಾ?"

ಮನೆಗೆ ಬಂದು ಪುಟ್ಟಸಾಮಿಗೂ ಕಾಯಿ ಕಟ್ಟಿದಳು. ಕಾಯಿ ಗಿಲಿಗಿಲಿ ಎಂದಿತು. ಪುಟ್ಟಸಾಮಿ ಬೆಚ್ಚಿ ಎದ್ದ. ಮಲಗಿದ, ಮಗ್ಗುಲು ಬದಲಿಸಿದ, ಮತ್ತೆ ಗಿಲಿಗಿಲಿ, ಮತ್ತೆ ಎದ್ದ. ಚೆನ್ನಾಜಮ್ಮ ಅವನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

"ಅಯ್ಯೋ ಕಂದಾ, ನಿದ್ದೆ ಕೆಡ್ತಾ? ಏನೂ ಮಾಡದೋನಿಗೂ ಇಂಥ ಶಿಕ್ಷೆಯಾ?"

ಕರಡಿಯ ಮನೆಯಲ್ಲಿ ಬೇರೇನಿಲ್ಲದಿದ್ದರೂ ಜೇನುಮೇಣ ಇರುತ್ತದೆ. ಅವಳು ಕಾಯಿಗೆ ಉಗುರಿನಿಂದ ಸಣ್ಣ ತೂತು ಮಾಡಿ, ಮೆತ್ತನೆಯ ಮೇಣ ತುಂಬಿದಳು. ಬೀಜಗಳು ಮೇಣದಲ್ಲಿ ಹೂತು ಸುಮ್ಮನಾದವು. ಕಾಯಿ ಕೊರಳಲ್ಲೇ ಇತ್ತು. ನಿಯಮ ಪಾಲಿಸಿದಂತೆಯೂ ಆಯಿತು, ಮಗು ಮಲಗಿದಂತೆಯೂ ಆಯಿತು. ತನ್ನ ಜಾಣತನಕ್ಕೆ ಚೆನ್ನಾಜಮ್ಮನಿಗೇ ಸಂತೋಷವಾಗಿ ಉಳಿದ ಜೇನು ತಿಂದಳು.

ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ, ಗರಸು ನೆಲದಿಂದ ಕಿವಿ ಹರಿಯುವಂಥ ಕೂಗು ಎದ್ದಿತು.

"ಟಿಟ್ಟಿಟ್ಟೀ! ನನ್ನ ಮೊಟ್ಟೆ! ಯಾರು ತಿಂದ್ರಿ ನನ್ನ ಮೊಟ್ಟೆ!"

ಎಲ್ಲರೂ ಓಡಿ ಬಂದರು. ಗೂಡಿನಲ್ಲಿ ನಾಲ್ಕಿದ್ದ ಮೊಟ್ಟೆ ಮೂರಾಗಿತ್ತು. ಪಕ್ಕದಲ್ಲಿ ಒಡೆದ ಸಿಪ್ಪೆ. ಸಿಪ್ಪೆಯಿಂದ ಸ್ವಲ್ಪ ದೂರದಲ್ಲಿ ಪುಟ್ಟಸಾಮಿ ಕೂತು ಮೀಸೆ ನೆಕ್ಕುತ್ತಿದ್ದ. ಮೀಸೆ ಹಳದಿಯಾಗಿತ್ತು.

"ಚೆನ್ನಾಜಕ್ಕಾ, ನೋಡು ನಿನ್ನ ಮಗನ ಮೀಸೆ!" ಎಂದಳು ದ್ಯಾವಕ್ಕ.

"ಹಲಸಿನ ಹಣ್ಣು ತಿಂದಿದಾನೆ," ಎಂದಳು ಚೆನ್ನಾಜಮ್ಮ. ಆ ಕಾಡಿನಲ್ಲಿ ಹಲಸಿನ ಮರ ಇರಲಿಲ್ಲ. "ಅವನು ಮೊಟ್ಟೆ ಮೂಸೋದೂ ಇಲ್ಲ. ಆ ಚಾಳಿ ನಾನೇ ಬಿಡಿಸಿದೀನಿ."

"ಮತ್ತೆ ಇಲ್ಲಿ ಏನು ಮಾಡ್ತಿದಾನೆ?"

"ಬಿಸಿಲು ಕಾಯಿಸ್ಕೊಳ್ತಿದಾನೆ. ಅಲ್ಲ ದ್ಯಾವಕ್ಕಾ, ಒಂದು ಮಾತು ಕೇಳ್ತೀನಿ. ಕೊರಳಲ್ಲಿ ಕಾಯಿ ಇದೆಯೋ ಇಲ್ಲವೋ? ಎಲ್ಲರೂ ನೋಡಿ, ಇದೆ. ಇವನು ಬಂದು ತಿಂದಿದ್ದರೆ ನಿನಗೆ ಸದ್ದು ಕೇಳಿಸಬೇಕಾಗಿತ್ತು ತಾನೆ? ಕೇಳಿಸ್ತಾ?"

"ಕೇಳಿಸಲಿಲ್ಲ," ಎಂದಳು ದ್ಯಾವಕ್ಕ.

"ಅಷ್ಟೇ ಮತ್ತೆ!"

ಎಲ್ಲರೂ ದ್ಯಾವಕ್ಕನ ಕಡೆ ತಿರುಗಿದರು. ಕಾಯಿ ಇರುವುದು ಕಣ್ಣಿಗೆ ಕಾಣುತ್ತಿತ್ತು. ಹಾಗಾದರೆ ತಪ್ಪು ಯಾರದು?

"ನೀರಲ್ಲಿ ಹಾಯಾಗಿ ಕೂತುಬಿಟ್ಟಿರ್ತಾಳೆ," ಎಂದಿತು ನರಿ.

"ಕಿವಿ ಮಂದ ಆಗಿರ್ಬೇಕು ಪಾಪ," ಎಂದಿತು ಮುಳ್ಳುಹಂದಿ. ಪಾಪ ಎಂದು ಸೇರಿಸಿದರೆ ಏನು ಬೇಕಾದರೂ ಹೇಳಬಹುದು ಎಂದು ಅದು ತಿಳಿದುಕೊಂಡಿತ್ತು.

ಒಂದು ಮೊಟ್ಟೆಯ ಜೊತೆಗೆ ಒಳ್ಳೆಯ ತಾಯಿ ಎಂಬ ಹೆಸರನ್ನೂ ಕಳೆದುಕೊಂಡ ದ್ಯಾವಕ್ಕ ಹೋಗಿ ಉಳಿದ ಮೂರರ ಮೇಲೆ ಕೂತಳು.

ಮಕ್ಕಳೇ, ಒಂದು ಮೊಟ್ಟೆಯ ರುಚಿ ನೋಡಿದವನು ಎರಡನೆಯದಕ್ಕೆ ಬಹಳ ಕಾಯುವುದಿಲ್ಲ. ಮಾರನೆಯ ದಿನ ಬಿಸಿಲೇರುತ್ತಿದ್ದಂತೆ ಚೆನ್ನಾಜಮ್ಮ ಹುತ್ತಕ್ಕೆ ಮೂತಿ ಹಾಕಿ ಗೆದ್ದಲು ಹೀರುತ್ತಿದ್ದಳು. ಕರಡಿ ಗೆದ್ದಲು ಹೀರುವ ಸದ್ದು ಹರದಾರಿ ದೂರ ಕೇಳುತ್ತದೆ. ಅದರಲ್ಲಿ ಅವಳಿಗೆ ಬೇರೇನೂ ಕೇಳುತ್ತಿರಲಿಲ್ಲ. ಪುಟ್ಟಸಾಮಿ ಬಳ್ಳಿಯಿಂದ ಕುತ್ತಿಗೆ ನುಣುಚಿಸಿಕೊಂಡು ನೆಟ್ಟಗೆ ಗರಸು ನೆಲಕ್ಕೆ ಓಡಿದ.

ಸದ್ದಿಲ್ಲ. ಒಂದಿಷ್ಟೂ ಸದ್ದಿಲ್ಲ.

ದ್ಯಾವಕ್ಕ ಆಗಷ್ಟೇ ನೀರಿಗೆ ಇಳಿದಿದ್ದಳು. ಹಿಂದಿನ ದಿನದ ಪೆಟ್ಟು ನೆನಪಿತ್ತು. ಕಿವಿಯನ್ನು ನಂಬದೆ ಕಣ್ಣನ್ನು ನೆಲದ ಮೇಲೇ ಇಟ್ಟಿದ್ದಳು. ಕಂದು ಬಣ್ಣದ್ದೊಂದು ಹರಳುಗಳ ನಡುವೆ ಹರಿಯುತ್ತಿರುವುದು ಕಂಡಿತು.

"ಟಿಟ್ಟಿಟ್ಟೀ!"

ಆ ಕೂಗಿಗೆ ಮೇಲೆ ಹಾರುತ್ತಿದ್ದ ಬಸಲಿಂಗಪ್ಪ ಕೆಳಗೆ ನೋಡಿದ. ಮುಂಗುಸಿ ಮರಿ. ಒಂಟಿ. ಬಳ್ಳಿ ಹಿಡಿದವರಿಲ್ಲ. ಕಿವಿಗೊಟ್ಟು ಕೇಳಿದ, ಸದ್ದಿಲ್ಲ. ಯಾರದೂ ಅಲ್ಲದ ಪ್ರಾಣಿ. ರೆಕ್ಕೆ ಮಡಚಿ ಬಾಣದಂತೆ ಇಳಿದ, ಕೊಕ್ಕು ತೆರೆದ, ಮುಚ್ಚಿದ. ಮೊಟ್ಟೆಗೂ ಪುಟ್ಟಸಾಮಿಯ ಹಲ್ಲಿಗೂ ನಡುವೆ ಒಂದು ಗೇಣು ಇತ್ತು. ಈಗ ಒಂದು ಹೆಜ್ಜಾರ್ಲೆ ಇತ್ತು.

ಭಾರ ಹೊತ್ತ ಹೆಜ್ಜಾರ್ಲೆ ನಿಂತಲ್ಲಿಂದ ಹಾರಲಾರದು. ನೀರಿನ ಮೇಲೆ ಒಂದಷ್ಟು ದೂರ ಓಡಬೇಕು. ಬಸಲಿಂಗಪ್ಪ ತುಂಬಿದ ಚೀಲ ತೂಗಿಸುತ್ತಾ, ಸರ್ಕಾರಿ ಗತ್ತಿನಲ್ಲಿ, ಕೆರೆಯ ಕಡೆ ನಡೆದ.

ಅಷ್ಟರಲ್ಲಿ ಚೆನ್ನಾಜಮ್ಮ ಹುತ್ತದಿಂದ ಮೂತಿ ಎತ್ತಿದಳು. ಕೈಯಲ್ಲಿ ಬಳ್ಳಿ ಇತ್ತು. ಬಳ್ಳಿಯ ತುದಿಯಲ್ಲಿ ಯಾರೂ ಇರಲಿಲ್ಲ.

"ಪುಟ್ಟಸಾಮೀ!"

ಅವಳು ನಿಂತು ಆಲಿಸಿದಳು. ಗಿಲಿಗಿಲಿ ಕೇಳಿಸಿದರೆ ಸಾಕು, ಯಾವ ಪೊದೆಯಲ್ಲಿದ್ದರೂ ಹುಡುಕಬಹುದು. ಆಮೇಲೆ ಮೇಣ ನೆನಪಾಯಿತು. ಚೆನ್ನಾಜಮ್ಮ ಓಡಿದಳು. ಪೊದೆ ತೂರಿದಳು, ಬಂಡೆ ಹತ್ತಿದಳು, ಕಾಡುಹಂದಿಯನ್ನು ಗುದ್ದಿ ಬೀಳಿಸಿದಳು.

"ನಮ್ಮವನು ಕಂಡನಾ ಅಣ್ಣಾ?"

"ಬಾಲ ನೋಯ್ತಿಲ್ಲವಲ್ಲಾ ಅಕ್ಕಾ," ಎಂದಿತು ಹಂದಿ, "ಅಂದ್ರೆ ಈ ಕಡೆ ಬಂದಿಲ್ಲ."

ಚೆನ್ನಾಜಮ್ಮ ಕಣ್ಣೀರಿನಲ್ಲಿ ದಾರಿ ಕಾಣದೆ ನೇರವಾಗಿ ಗರಸು ನೆಲಕ್ಕೆ ನುಗ್ಗಿದಳು. ಮೊರದಂಥ ಪಾದಗಳು ಧಪಧಪ ಬೀಳುತ್ತಿದ್ದವು. ಅವಳ ದಾರಿಯಲ್ಲಿ ಮೂರು ಮೊಟ್ಟೆಗಳು, ಹರಳಿನ ಹಾಗೆ.

ಆಗ ದ್ಯಾವಕ್ಕನಿಗೆ ಕನಿಕರ ಬಂತು ಎಂದು ಬರೆದರೆ ಕತೆ ಇನ್ನೂ ಚೆನ್ನಾಗಿರುತ್ತದೆ. ಆದರೆ ಅವಳಿಗೆ ಬಂದದ್ದು ಪ್ರಾಣಭಯ. ನೀರಿನಿಂದ ಚಿಮ್ಮಿ ಬಂದು ಕರಡಿಯ ಮೂಗಿನ ಮುಂದೆಯೇ ಬಿದ್ದಳು. ಒಂದು ರೆಕ್ಕೆ ನೆಲಕ್ಕೆ ಎಳೆದುಕೊಂಡು, ಕುಂಟಿಕೊಂಡು, ಕಿರುಚಿಕೊಂಡು ಕೆರೆಯ ಕಡೆ ಓಡಿದಳು.

"ದ್ಯಾವಕ್ಕಾ, ನೀನು ನೋಡಿದ್ಯಾ? ನಿಲ್ಲೇ! ಹೇಳೇ!" ಎನ್ನುತ್ತಾ ಚೆನ್ನಾಜಮ್ಮ ಅವಳ ಹಿಂದೆ ತಿರುಗಿದಳು. ಪಾದ ಮೊಟ್ಟೆಗಳಿಂದ ಒಂದು ಮಾರು ದೂರಕ್ಕೆ ಬಿತ್ತು. ಆಮೇಲೆ ಎರಡು ಮಾರು. ಆಮೇಲೆ ಇಬ್ಬರೂ ಕೆರೆಯ ಅಂಚಿನಲ್ಲಿದ್ದರು.

ಅಲ್ಲಿ ಬಸಲಿಂಗಪ್ಪ ಓಟಕ್ಕೆ ಸಿದ್ಧನಾಗಿ ನಿಂತಿದ್ದ.

"ಸಾಹೇಬ್ರೇ, ನನ್ನ ಪುಟ್ಟಸಾಮಿ ಕಂಡನಾ?"

ಬಸಲಿಂಗಪ್ಪ ಉತ್ತರಿಸಲಿಲ್ಲ. ಕರ್ತವ್ಯದಲ್ಲಿದ್ದಾಗ ಅವನ ಬಾಯಿ ತುಂಬಿರುತ್ತಿತ್ತು. ಆದರೆ ಅವನ ಚೀಲ ಒಮ್ಮೆ ಎಡಕ್ಕೆ ಉಬ್ಬಿತು, ಒಮ್ಮೆ ಬಲಕ್ಕೆ ಉಬ್ಬಿತು, ಆಮೇಲೆ "ಕೀಚ್" ಎಂದಿತು.

"ಅಯ್ಯೋ! ಚೀಲದಲ್ಲಿದಾನೆ!"

ಹೆಜ್ಜಾರ್ಲೆ ನೀರಿನ ಮೇಲೆ ಓಡಲು ಶುರುಮಾಡಿತು. ಚಪ್, ಚಪ್, ಚಪ್! ಚೆನ್ನಾಜಮ್ಮ ಧಡಾರನೆ ಕೆರೆಗೆ ಹಾರಿದಳು. ಎದ್ದ ಅಲೆಗೆ ಕಪ್ಪೆಗಳೆಲ್ಲ ದಡಕ್ಕೆ ಬಂದು ಬಿದ್ದವು. ಇನ್ನೇನು ಬಸಲಿಂಗಪ್ಪನ ಕಾಲು ನೀರು ಬಿಡಬೇಕು, ಅಷ್ಟರಲ್ಲಿ ಅವನ ಮುಂದೆ ನೀರಿನಿಂದ ಒಂದು ಬೋಳು ತಲೆ ಎದ್ದಿತು. ಕೆಂಚಪ್ಪಜ್ಜ. ಹಿಂದಿನ ದಿನದ ಮೊಟ್ಟೆಯ ವಿಚಾರಣೆಗೆಂದು ಹೊರಟವನು ಈಗ ತಲುಪಿದ್ದ.

"ನಿಲ್ಲಪ್ಪಾ," ಎಂದ ಅಜ್ಜ. "ಯಾರೋ ತಮ್ಮದು ಅಂತಿದಾರೆ."

ಬಸಲಿಂಗಪ್ಪ ದಡಕ್ಕೆ ಬಂದು ಕೊಕ್ಕು ತೆರೆದ. ಒದ್ದೆ ಮೂತಿ ಹೊರಗೆ ಬಂತು. ಈಗ ಬಸಲಿಂಗಪ್ಪನಿಗೂ ಮಾತು ಬಂತು.

"ನಿಮ್ಮದಾದರೆ ಕಾಯಿ ಸದ್ದು ಮಾಡಬೇಕು ತಾಯಿ. ನಾನು ಕೇಳಿದಾಗ ಮಾಡಲಿಲ್ಲ. ಅಲ್ಲಾಡಿಸಿ ತೋರಿಸಿ, ಕರ್ಕೊಂಡು ಹೋಗಿ. ಸದ್ದಿಲ್ಲದಿದ್ದರೆ ಗುಡ್ಡದ ಆಚೆ."

ಅಷ್ಟು ಹೊತ್ತಿಗೆ ಇಡೀ ಕಾಡು ದಡದಲ್ಲಿ ನೆರೆದಿತ್ತು. ನರಿಯಿತ್ತು, ಮುಳ್ಳುಹಂದಿಯಿತ್ತು, ಬಾಲ ಹಿಡಿದುಕೊಂಡು ಕಾಡುಹಂದಿಯಿತ್ತು. ಚೆನ್ನಾಜಮ್ಮ ಕಾಯಿ ಹಿಡಿದು ಅಲ್ಲಾಡಿಸಿದಳು. ಕಾಯಿ ಕಲ್ಲಿನ ಹಾಗೆ ಸುಮ್ಮನಿತ್ತು. ಇನ್ನೊಮ್ಮೆ ಅಲ್ಲಾಡಿಸಿದಳು. ಗುಡ್ಡದ ಆಚೆ ತೋಳವೊಂದು ಊಳಿಟ್ಟಿತು.

ದ್ಯಾವಕ್ಕ ಕಾಯಿಯನ್ನೇ ನೋಡುತ್ತಿದ್ದಳು.

"ಮೇಣ!" ಎಂದು ಕಿರುಚಿದಳು ಚೆನ್ನಾಜಮ್ಮ. "ಮೇಣ ತುಂಬಿದೀನಿ! ನಾನೇ ತುಂಬಿದೀನಿ! ಅವನ ನಿದ್ದೆ ಕೆಡ್ತಿತ್ತು!"

ಎಲ್ಲರ ಎದುರಿಗೆ ಉಗುರು ಹಾಕಿ ಕೆರೆದು ಕೆರೆದು ಮೇಣ ತೆಗೆದಳು. ಕೊನೆಯ ಚೂರು ಬಿದ್ದಾಗ ಕಾಯಿ ಅಂದಿತು: ಗಿಲಿಗಿಲಿ.

ನಿಧಾನವಾಗಿ ಎಲ್ಲ ತಲೆಗಳೂ ದ್ಯಾವಕ್ಕನ ಕಡೆ ತಿರುಗಿದವು.

"ನಿನ್ನ ಕಿವಿ ಚೆನ್ನಾಗೇ ಇದೆ ಬಿಡು," ಎಂದಿತು ಮುಳ್ಳುಹಂದಿ. ಈ ಸಲ ಪಾಪ ಎನ್ನಲಿಲ್ಲ.

ಚೆನ್ನಾಜಮ್ಮ ಮರಿಯನ್ನು ಎದೆಗೆ ಅವುಚಿಕೊಂಡು ದ್ಯಾವಕ್ಕನ ಮುಂದೆ ಕೂತಳು. "ನಿನ್ನ ಮಗುವನ್ನ ತಿಂದವನು ಇವನೇ ಕಣೇ. ತಿನ್ನಿಸಿದವಳು ನಾನು."

"ಇವನು ಮುಂಗುಸಿ," ಎಂದಳು ದ್ಯಾವಕ್ಕ. "ಮುಂಗುಸಿ ಮೊಟ್ಟೆ ತಿನ್ನುತ್ತೆ. ಅದು ಅವನಿಗೆ ಗೊತ್ತು, ನನಗೆ ಗೊತ್ತು. ಗೊತ್ತಿಲ್ಲದೇ ಇದ್ದವಳು ನೀನೊಬ್ಬಳೇ."

ಕೆಂಚಪ್ಪಜ್ಜ ತೀರ್ಪು ಹೇಳಿದ. ಉಳಿದ ಮೂರು ಮೊಟ್ಟೆ ಒಡೆದು ಮರಿಯಾಗಿ ಓಡಾಡುವವರೆಗೆ, ದ್ಯಾವಕ್ಕ ನೀರಿಗೆ ಹೋದಾಗಲೆಲ್ಲ ಚೆನ್ನಾಜಮ್ಮ ಗರಸು ನೆಲದ ಅಂಚಿನಲ್ಲಿ ಕಾವಲು ಕೂರಬೇಕು. ಪುಟ್ಟಸಾಮಿಯ ಬಳ್ಳಿ ಅವಳ ಕೈಗೇ ಸುತ್ತಿರಬೇಕು.

"ಇನ್ನೊಂದು," ಎಂದಳು ದ್ಯಾವಕ್ಕ. "ಇವಳ ಪಾದ ನೋಡಿದ್ದೀರಾ ಅಜ್ಜಾ? ಇವಳಿಗೂ ಕಾಯಿ ಕಟ್ಟಿ."

ಕಟ್ಟಿದರು. ಕರಡಿಯ ಕುತ್ತಿಗೆ ದೊಡ್ಡದು, ಒಂದು ಕಾಯಿ ಸಾಲದೆ ಒಂದು ಮಾಲೆಯೇ ಬೇಕಾಯಿತು. ಚೆನ್ನಾಜಮ್ಮನಿಗೆ ಮೊದಲ ಕೆಲವು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಪುಟ್ಟಸಾಮಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ. ಅವನು ಮೊದಲ ರಾತ್ರಿಯೇ ಗೊರಕೆ ಹೊಡೆದ.

ಮೊಟ್ಟೆಗಳು ಒಡೆದವು. ಕಡ್ಡಿಕಾಲಿನ ಮೂರು ಮರಿಗಳು ಹರಳುಗಳ ನಡುವೆ ಓಡಾಡತೊಡಗಿದವು. ಒಂದು ದಿನ ಬೇರೆ ಕಾಡಿನ ಜಿಂಕೆಯೊಂದು ನೀರು ಕುಡಿಯಲು ಬಂದು, ಮಾಲೆ ಹಾಕಿಕೊಂಡು ಕೂತ ಕರಡಿಯನ್ನು ಕಂಡು ಅಲ್ಲೇ ಗಕ್ಕನೆ ನಿಂತಿತು.

ದ್ಯಾವಕ್ಕ ದೂರದಿಂದಲೇ ಕೂಗಿ ಹೇಳಿದಳು:

"ಬನ್ನಿ, ಬನ್ನಿ! ನಮ್ಮವಳು ಏನೂ ಮಾಡಲ್ಲ! ಆದರೂ ಕಟ್ಟಿದೀವಿ."

ನೀತಿ: ಸಾಕಿದವರ ಕಣ್ಣಿಗೆ ಮಗುವಾಗಿ ಕಾಣುವ ಪ್ರಾಣಿಯ ಹಲ್ಲು ನೆರೆಯವರ ಕಣ್ಣಿಗೆ ಕಾಣುತ್ತದೆ. ಅದನ್ನು ಅಂಕೆಯಲ್ಲಿಡುವ ನಿಯಮವನ್ನು ಮೊದಲು ನಮ್ಮ ಮನೆಯಲ್ಲೇ ಪಾಲಿಸಬೇಕು. ಅದು ಕಾಯುವುದು ನೆರೆಯವರ ಮಕ್ಕಳನ್ನಷ್ಟೇ ಅಲ್ಲ, ನಮ್ಮ ಮುದ್ದಿನ ಮರಿಯನ್ನೂ.