ತೋಳು ಸೋತ ಪೈಲ್ವಾನ

ಹಳ್ಳದ ದಂಡೆಯ ಮುಳಕೇರಿಯಲ್ಲಿ ಪರಮಪೂಜ್ಯ ಸದ್ಬೋಧ ಶಿವಯೋಗಿಗಳು ಪಾಳುಬಿದ್ದ ಸುಂಕದ ಮನೆಯನ್ನೇ ಮಠವಾಗಿಸಿಕೊಂಡಿದ್ದರು. ಹಾಸಲು ಕಂಬಳಿ, ಉಣ್ಣಲು ಭಿಕ್ಷೆಯ ರೊಟ್ಟಿ. ಬೇರೇನನ್ನೂ ಅವರು ಬಯಸಿದವರಲ್ಲ. ವಾತರೋಗದಿಂದ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಆದರೂ ಆ ಮುಖದ ಪ್ರಸನ್ನತೆ ಕುಂದಿದ್ದನ್ನು ಕಂಡವರಿಲ್ಲ.

ಒಂದು ಮುಂಜಾನೆ ಪೈಲ್ವಾನ ಭರಮಣ್ಣ ಅಲ್ಲಿಗೆ ಬಂದ. ಒಂದು ಕಾಲಕ್ಕೆ ಆ ಸೀಮೆಯಲ್ಲಿ ಅವನನ್ನು ಚಿತ್ ಮಾಡಿದವರಿರಲಿಲ್ಲ. ಹಿಂದಿನ ವರ್ಷ ಅದೇ ಊರಿನ ಕಿರಿಯ ಪೈಲ್ವಾನ ಯಮನಪ್ಪನೊಡನೆ ಕುಸ್ತಿಗಿಳಿದಾಗ ಬಲಭುಜ ಮುರಿದು, ತೋಳು ಬತ್ತಿ ಜೋತುಬಿದ್ದಿತ್ತು. ಅಂದಿನಿಂದ ಗರಡಿಗೆ ಕಾಲಿಟ್ಟಿರಲಿಲ್ಲ. ಯಮನಪ್ಪನ ಹೆಸರು ಕಿವಿಗೆ ಬಿದ್ದರೆ ಸಾಕು, ಹಲ್ಲು ಕಡಿಯುತ್ತಿದ್ದ. ಶಿವಯೋಗಿಗಳನ್ನು ಕಂಡು ಬಾ ಎಂಬ ತಾಯಿಯ ಕಾಟ ತಾಳಲಾರದೆ ಮಠಕ್ಕೆ ಬಂದಿದ್ದ.

"ಅಜ್ಜಾರ, ಆತ್ಮಕ್ಕ ಸಾವಿಲ್ಲ ಅಂತೀರಿ. ಅದನ್ನ ತಗೊಂಡು ನಾ ಏನ್ ಮಾಡ್ಲಿ? ನನಗ ತೋಳು ಬೇಕು. ಈ ಮೈಯಾಗ ಸೆರೆ ಬಿದ್ದೀನಿ ನಾನು," ಎಂದ ಒರಟಾಗಿ.

ಶಿವಯೋಗಿಗಳು ಮುಗುಳ್ನಕ್ಕರು. "ತೋಳು ಮುರಿದಾಂವ ಯಮನಪ್ಪ. ಹೌದಿಲ್ಲೋ?"

"ಹೌದ್ರಿ."

"ಈ ಸಿಟ್ಟು ಹೊತ್ತು ತಿರುಗು ಅಂತ ಹೇಳಿದಾಂವ ಯಾರು?"

ಭರಮಣ್ಣ ಜೋತ ತೋಳನ್ನು ಎಡಗೈಯಿಂದ ಹಿಡಿದುಕೊಂಡ.

"ತಮ್ಮಾ, ಮೈ ಮುರಿಯೂದು ಮಂದಿ ಕೈಯಾಗೈತಿ. ಒಳಗಿನ ಯಜಮಾನನ್ನ ಕೆಡವೂ ಪಟ್ಟು ಮಾತ್ರ ನಿನ್ನ ಹೊರತು ಯಾರಿಗೂ ಗೊತ್ತಿಲ್ಲ."

ಹೀಗೆಂದು ಶಿವಯೋಗಿಗಳು ಅಂಗೈಯೂರಿ, ದೇಹವನ್ನು ಎಳೆದುಕೊಳ್ಳುತ್ತ ಪೂಜೆಗೆ ಸಾಗಿದರು. ಎತ್ತಲು ಧಾವಿಸಿದ ಭರಮಣ್ಣ ಅವರ ಮುಖ ಕಂಡು ಅಲ್ಲೇ ನಿಂತ. ಅಲ್ಲಿ ದೈನ್ಯದ ಸುಳಿವಿರಲಿಲ್ಲ. ಸಿಂಹಾಸನದ ಕಡೆ ನಡೆವ ದೊರೆಯ ಗಾಂಭೀರ್ಯವಿತ್ತು. ಪೈಲ್ವಾನ ನೆಲಕ್ಕೆ ಹಣೆಯಿಟ್ಟು ಅತ್ತುಬಿಟ್ಟ.

ಅದೇ ವರ್ಷ ಪರಸೀಮೆಯ ಜಟ್ಟಿಯೊಬ್ಬ ಊರಿಗೇ ಸವಾಲು ಹಾಕಿದ. ಎದುರು ನಿಲ್ಲಬೇಕಾದವನು ಯಮನಪ್ಪ. ಅವನ ಎದೆ ಅಳುಕುತ್ತಿರುವ ಸುದ್ದಿ ಕೇಳಿ ಭರಮಣ್ಣ ತಾನಾಗಿ ಗರಡಿಗೆ ಹೋದ.

"ಏಳು ಯಮನಪ್ಪ, ನನ್ನ ಪಟ್ಟೆಲ್ಲಾ ಕಲಿಸ್ತೀನಿ."

"ನಿನ್ನ ತೋಳು ಕಳೆದಾಂವ ನಾನು, ಅಣ್ಣಾ..."

"ತೋಳಷ್ಟೇ ಕಳೆದಿ. ಕಲಿಸಾಂವ ಇನ್ನೂ ಗಟ್ಟಿ ಅದಾನ."

ಯಮನಪ್ಪ ಗೆದ್ದ. ಊರ ಹಿರಿಯರು ಸುತ್ತಲು ತಂದ ಗೆಲುವಿನ ಪಟಕ ರುಮಾಲನ್ನು ಅವನು ಭರಮಣ್ಣನ ತಲೆಗೆ ಸುತ್ತಹೋದ. ಭರಮಣ್ಣ ತಡೆದು, ತುಂಬಿದ ಜನಸ್ತೋಮದ ನಡುವೆ ತಲೆಯೆತ್ತಿ ನಿಂತು ಹೇಳಿದ: "ಇದು ನಿನ್ನ ಗೆಲುವು, ನೀನೇ ಸುತ್ತಿಕೋ. ನನ್ನ ಕುಸ್ತಿ ನಾನು ಅಜ್ಜಾರ ಮುಂದನ ಗೆದ್ದೀನಿ."