ಬರುವಾಗಲೇ ಹೋಗುವ ಮಾತು

ಇದ್ದದ್ದು ಒಂದೇ ಕೆಲಸ. ಕೇಳಿದವರು ಇಬ್ಬರು.

ಬ್ಯಾಡಗಿಯ ಮೆಣಸಿನಕಾಯಿ ವರ್ತಕರು ಸೇರಿ ಊರ ಹೊರಗೆ ಒಂದು ಆರೈಕೆ ಮನೆ ನಡೆಸುತ್ತಿದ್ದರು. ಪೇಟೆಯಲ್ಲಿ ದುಡಿದು, ಕಾಯಿಲೆಬಿದ್ದು, ಕೈಕಾಲು ಸೋತವರು ಅಲ್ಲಿರುತ್ತಿದ್ದರು. ಅವರನ್ನು ಮತ್ತೆ ಕೆಲಸಕ್ಕೆ ಅಣಿಮಾಡಲು ಓದಿದವರೊಬ್ಬರು ಬೇಕಾಗಿತ್ತು. ಕಾಯಂ ಕೆಲಸ, ಒಳ್ಳೆಯ ಸಂಬಳ, ಇರಲು ಕೋಣೆ.

ಕೇಳಿದವರು ಲಾವಣ್ಯ ಮತ್ತು ಫಕೀರೇಶ. ಇಬ್ಬರೂ ಕಾಲೇಜಿನಲ್ಲಿ ಸಮಾಜಕಾರ್ಯ ಓದುತ್ತಿದ್ದರು. ಈ ಓದು ಅರ್ಧ ಪುಸ್ತಕದಲ್ಲಿ, ಅರ್ಧ ಜನರ ನಡುವೆ. ಪ್ರತಿ ಬುಧವಾರ ಆರೈಕೆ ಮನೆಗೆ ಬಂದು, ತಮಗೆ ವಹಿಸಿದ ಒಬ್ಬರ ಜೊತೆ ಕೆಲಸ ಮಾಡಬೇಕು. ಯುಗಾದಿಗೆ ಮುಗಿಸಿ ಹೋಗಬೇಕು. ಅವರ ಮೇಡಂ ತರಗತಿಯಲ್ಲಿ ಒಂದು ಪಾಠ ಹೇಳಿದ್ದರು: ಮೊದಲ ದಿನವೇ ಕೊನೆಯ ದಿನ ಯಾವುದೆಂದು ಹೇಳಿಬಿಡಿ. ಲಾವಣ್ಯ ಅದನ್ನು ಪರೀಕ್ಷೆಯಲ್ಲಿ ಚೆಂದವಾಗಿ ಬರೆದು ಹೆಚ್ಚು ಅಂಕ ಪಡೆದಿದ್ದಳು.

ಫಕೀರೇಶನಿಗೆ ಸಿಕ್ಕವನು ಹಮಾಲ ದಾವಲಸಾಬ. ಲಕ್ವಾ ಹೊಡೆದು ಒಂದು ಕಾಲು ಎಳೆಯುತ್ತಿತ್ತು. ಫಕೀರೇಶ ಮೊದಲ ದಿನವೇ ಹೇಳಿದ, "ಅಜ್ಜಾ, ನಾ ಯುಗಾದಿತನಕ ಅಷ್ಟ ಬರ್ತೀನಿ. ಆಮ್ಯಾಲೆ ಬರಂಗಿಲ್ಲ."

"ಬಂದು ಕುಂತಿಲ್ಲ, ಆಗಲೇ ಹೋಗೂ ಮಾತು," ಎಂದ ದಾವಲಸಾಬ. "ಹಂಗಾರ ಯಾಕ ಬಂದಿಯೋ ಮಾರಾಯ?"

ಲಾವಣ್ಯಳಿಗೆ ಸಿಕ್ಕವಳು ಹೊಳೆಯವ್ವ. ಮೆಣಸಿನಕಾಯಿ ತೊಟ್ಟು ಬಿಡಿಸಿ ಬದುಕಿದವಳು, ಬಲಗೈ ಬೆರಳು ಸೆಟೆದುಕೊಂಡಿದ್ದವು. ಬೆರಳು ಮಡಚಿದರೆ ಮತ್ತೆ ಕಾಯಿ ಬಿಡಿಸುವ ಕಣಕ್ಕೆ ಹೋಗಬಹುದು, ಇಲ್ಲದಿದ್ದರೆ ಆ ಮಂಚವೇ ಕೊನೆ. ಅಷ್ಟು ನೊಂದವಳ ಮುಂದೆ ಹೋಗುವ ಮಾತು ಆಡಲು ಲಾವಣ್ಯಳಿಗೆ ಮನಸ್ಸಾಗಲಿಲ್ಲ. ತಲೆ ಬಾಚಿದಳು, ತುತ್ತು ಇಟ್ಟಳು, ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿ ಬಿಡಿಸಿದಳು. ಬೆರಳು ಸಡಿಲವಾದವು. ಹೊಳೆಯವ್ವ ಅವಳನ್ನು ಮಗಳೇ ಎಂದಳು. ನೀ ಬಿಟ್ಟು ಹೋಗಂಗಿಲ್ಲ ಹೌದಿಲ್ಲೋ ಎಂದು ಕೇಳಿದಾಗ, ಎಲ್ಲಿಗೂ ಹೋಗುವುದಿಲ್ಲ ಎಂದು ಲಾವಣ್ಯ ಕೈ ಹಿಡಿದಳು. ಆರೈಕೆ ಮನೆಯವರೆಲ್ಲ ಲಾವಣ್ಯಳನ್ನು ಹೊಗಳಿದರು. ಫಕೀರೇಶನದು ಕಲ್ಲೆದೆ ಎಂದರು.

ಯುಗಾದಿ ಹತ್ತಿರ ಬಂದಂತೆ ಫಕೀರೇಶ ದಾವಲಸಾಬನನ್ನು ತೋಳು ಹಿಡಿದು ನಡೆಸುವುದನ್ನು ಬಿಟ್ಟ. ಒಂದು ಕೋಲು ಕೊಟ್ಟು ಹಿಂದೆ ನಡೆದ. ಆಮೇಲೆ ಬಾಗಿಲಲ್ಲೇ ನಿಂತ. ದಾವಲಸಾಬ ಬೈಯುತ್ತಲೇ ನಡೆದ.

ಮೇಡಂ ಈಗಲೇ ಸಂದರ್ಶನ ಮಾಡಿ ಮುಗಿಸೋಣ ಎಂದರು. ಕೆಲಸ ಕೊಡುವ ಹಿರಿಯ ವರ್ತಕ ಅಂದಾನೆಪ್ಪ ಶೆಟ್ಟರು ಒಪ್ಪಲಿಲ್ಲ.

"ಚೀಲದ ಬಾಯಾಗ ಎಲ್ಲಾರೂ ಕೆಂಪು ಕಾಯಿನ ಇಟ್ಟಿರ್ತಾರ್ರಿ ಮೇಡಮ್ಮಾರ. ನಾ ತಳಕ್ಕ ಕೈ ಹಾಕಿ ನೋಡಾಂವ. ಇವರು ಹೋದಮ್ಯಾಲೆ ಒಂದು ತಿಂಗಳು ಬಿಟ್ಟು ಹೇಳ್ತೀನಿ."

ಕೊನೆಯ ದಿನ ಬಂತು. ಫಕೀರೇಶ ಕೈಮುಗಿದು ಹೋದ. ಲಾವಣ್ಯ ಆಗಲೂ ನಿಜ ಹೇಳಲಿಲ್ಲ. ಬುಧವಾರ ಬರ್ತೀನವ್ವಾ ಎಂದು ಹೇಳಿ ಹೊರಟುಬಿಟ್ಟಳು.

ತಿಂಗಳು ಕಳೆದು ಶೆಟ್ಟರು ಅವರಿಬ್ಬರನ್ನೂ ಆರೈಕೆ ಮನೆಗೆ ಕರೆಸಿದರು. ಅಂದು ಬುಧವಾರ. ದಾವಲಸಾಬನ ಮಂಚ ಖಾಲಿ. ಅವನು ಕೋಲೂರಿಕೊಂಡು ಪೇಟೆಗೆ ಹೋಗಿದ್ದ, ಒಂದು ಅಂಗಡಿಯಲ್ಲಿ ತೂಕ ನೋಡುವ ಕೆಲಸ ಹಿಡಿದಿದ್ದ. ಹೊಳೆಯವ್ವ ಗೇಟಿನ ಬಳಿ ಕುಳಿತಿದ್ದಳು. ತಲೆ ಜಡೆಗಟ್ಟಿತ್ತು. ಬೇರೆಯವರಿಗೆ ತಲೆ, ಬೆರಳು ಮುಟ್ಟಲು ಬಿಟ್ಟಿರಲಿಲ್ಲ, ಬೆರಳು ಮತ್ತೆ ಸೆಟೆದುಕೊಂಡಿದ್ದವು.

ಲಾವಣ್ಯ ಅಲ್ಲೇ ನಿಂತಳು. ನಾನು ಅವಳನ್ನು ಪ್ರೀತಿಸಿದ್ದೆ ಎಂದಷ್ಟೇ ಹೇಳಿದಳು.

"ನಿನ್ನ ಪ್ರೀತಿ ಕಡಿಮಿ ಅಂತ ನಾ ಅನ್ನಂಗಿಲ್ಲ ತಂಗಿ," ಎಂದರು ಶೆಟ್ಟರು. "ಆದರ ಗಾಡಿ ಯಾವಾಗ ಬರತೈತಿ ಅಂತ ಸುಳ್ಳು ಹೇಳಿದರ, ಮಾಲು ಬಿಸಿಲಾಗ ಕಾಯ್ತಾ ಕೆಡತೈತಿ. ಕೆಲಸ ಫಕೀರೇಶಗ ಕೊಟ್ಟೀನಿ. ನಿಂದೊಂದು ಬಾಕಿ ಐತಿ, ಮುಗಿಸಿ ಹೋಗು."

ಲಾವಣ್ಯ ಹೊಳೆಯವ್ವನ ಎದುರು ನೆಲದ ಮೇಲೆ ಕುಳಿತಳು. ನಾನು ಕಲಿಯಲು ಬಂದವಳು, ಯುಗಾದಿಗೆ ಹೋಗುವುದು ಮೊದಲೇ ಗೊತ್ತಿತ್ತು, ಹೇಳಲು ಧೈರ್ಯ ಸಾಲಲಿಲ್ಲ, ಇನ್ನು ಬರುವುದಿಲ್ಲ ಎಂದಳು. ಹೊಳೆಯವ್ವ ಮುಖ ತಿರುಗಿಸಿಕೊಂಡಳು. ಕೊನೆಯ ಸಲ ತಲೆ ಬಾಚೋಣವೆಂದು ಲಾವಣ್ಯ ಬಾಚಣಿಗೆ ತೆಗೆದಳು.

"ಇಲ್ಲೆ ಕೊಡು," ಎಂದಳು ಹೊಳೆಯವ್ವ. "ನಾಳೆ ಯಾರು ಬಾಚತಾರ?"

ಬಲಗೈಯಲ್ಲೇ ಹಿಡಿಯಲು ನೋಡಿದಳು. ಬಾಚಣಿಗೆ ಜಾರಿ ಬಿತ್ತು. ಲಾವಣ್ಯ ಎತ್ತಿಕೊಡಲಿಲ್ಲ. ಹೊಳೆಯವ್ವ ತಾನೇ ಬಗ್ಗಿ ಎತ್ತಿಕೊಂಡಳು.

ಒಟ್ಟು ಗಳಿಕೆ ಇಷ್ಟು: ಫಕೀರೇಶನಿಗೆ ಕೆಲಸ, ದಾವಲಸಾಬನಿಗೆ ಅವನ ಪೇಟೆ, ಹೊಳೆಯವ್ವನಿಗೆ ಅವಳ ಬಾಚಣಿಗೆ. ಲಾವಣ್ಯಳಿಗೆ, ಪರೀಕ್ಷೆಯಲ್ಲಿ ಬರೆದು ಬಂದಿದ್ದ ಆ ಒಂದು ಪಾಠ.

ನೀತಿ: ನೆರವಿಗೆ ಹೋಗುವವರು ಎಲ್ಲಿಯವರೆಗೆ ಇರುತ್ತೇವೆ ಎಂಬುದನ್ನು ಮೊದಲೇ ಹೇಳಬೇಕು. ನಾವು ಹೋದ ಮೇಲೆ ಅವರ ಕೈಯಲ್ಲಿ ಏನು ಉಳಿಯಿತೋ, ಅಷ್ಟೇ ನಾವು ಮಾಡಿದ ಸೇವೆ.