ಓತಿಕ್ಯಾತನ ತಲೆಯ ಮೇಲಿನ ತುಂಬೆ ಹೂವು

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ದೇವರಿಗೆ ಯಾರೂ ಗುಡಿ ಕಟ್ಟಿರಲಿಲ್ಲ. ಆದರೂ ಜನರಿಗೆ ಎಲ್ಲಾದರೂ ಕೈ ಮುಗಿಯದೆ ಇರಲು ಆಗುತ್ತಿರಲಿಲ್ಲ, ಮಕ್ಕಳೇ.

ಒಂದು ಮಧ್ಯಾಹ್ನ ಓತಿಕ್ಯಾತ ಗುಂಡುಕಲ್ಲಿನ ಮೇಲೆ ಅಲುಗಾಡದೆ ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಸಿರಿಯವ್ವ ಅಳುತ್ತಾ ಆ ದಾರಿಯಲ್ಲಿ ಬಂದಳು. ಅವಳ ಮಗಳಿಗೆ ಮೂರು ದಿನದಿಂದ ಜ್ವರ. ಕಲ್ಲಿನ ಮೇಲೆ ಕಣ್ಣು ಮಿಟುಕಿಸದೆ ಕೂತವನನ್ನು ಕಂಡಳು. ಇವನೇ ದೇವರು ಅಂದುಕೊಂಡಳು. ಕತ್ತಿಗೆ ಕುಂಕುಮ ಬಳಿದು, ತಲೆಯ ಮೇಲೆ ತುಂಬೆ ಹೂವಿಟ್ಟಳು.

"ಮಗು ಉಳಿಯೋದಾದ್ರೆ ಬಲಗಡೆ ಹೂ ಕೊಡು, ನನ್ನಪ್ಪಾ."

ಹೂವು ಕಚಗುಳಿಯಿಟ್ಟಿತು. ಓತಿಕ್ಯಾತ ತಲೆ ಕೊಡವಿತು. ಹೂವು ಬಲಕ್ಕೆ ಬಿತ್ತು.

"ಕೊಟ್ಟ! ಸ್ವಾಮಿ ಬಲಕ್ಕೆ ಕೊಟ್ಟ!"

ಸಂಜೆಗೆ ಜ್ವರ ಇಳಿಯಿತು. ಮಾರನೆಯ ದಿನ ಊರಿಗೆ ಊರೇ ಬಂತು. ಒಬ್ಬ ಮಳೆ ಕೇಳಿದ, ಒಬ್ಬ ಕಳೆದುಹೋದ ಎಮ್ಮೆ ಕೇಳಿದ. ಹೂ ಇಟ್ಟರು, ಕೊಡವಿತು. ಮತ್ತೆ ಇಟ್ಟರು, ಮತ್ತೆ ಕೊಡವಿತು. ಎಡಕ್ಕೆ ಬಿದ್ದರೆ, "ಸ್ವಾಮಿ ಮುನಿಸ್ಕೊಂಡಿದ್ದಾನೆ, ಇನ್ನೊಂದ್ಸಲ ಇಡ್ರೋ" ಅಂದರು.

"ನಾನು ದೇವರಲ್ಲ ಕಣ್ರಪ್ಪಾ, ಇರುವೆ ತಿನ್ನೋನು" ಅಂದಿತು ಓತಿಕ್ಯಾತ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೊಟ್ಟೆ ಬೆನ್ನಿಗಂಟಿತು. ಕತ್ತು ಸೋತಿತು.

"ಬೇಲಿಗೆ ಓಡಿಹೋಗೋ ಮಾರಾಯ" ಅಂದಿತು ಗಾಳಿ.

"ಹೇಗೆ ಹೋಗ್ಲಿ, ಗಾಳಿಯಣ್ಣ? ಆ ತಾಯಿ ಕಣ್ಣು ನೋಡಿದ್ಯಲ್ಲ. ಇಲ್ಲಿ ಯಾರೂ ಇಲ್ಲ ಅಂದ್ರೆ ಇವರೆಲ್ಲ ಯಾರ ಹತ್ರ ಅಳ್ತಾರೆ?"

ಏಳನೆಯ ದಿನ ಓತಿಕ್ಯಾತ ತಾನೇ ಆಕಾಶದತ್ತ ತಲೆಯೆತ್ತಿತು. "ಸ್ವಾಮಿ, ನನಗೆ ಸಾಕಾಯ್ತು. ಇವರಿಗೆ ಕೊಡೋಕೆ ನನ್ನ ಹತ್ರ ಏನಿದೆ?"

ತಂಪಾದ ದನಿಯೊಂದು ಕೇಳಿತು. "ಹೂವಿಟ್ಟದ್ದು ನಿನ್ನ ತಲೆ ಮೇಲೆ. ಬಂದು ಸೇರಿದ್ದು ನನ್ನ ಪಾದಕ್ಕೆ. ಆ ಮಗುವಿನ ಹಣೆ ಮುಟ್ಟಿದವನು ನಾನೇ ಕಣಪ್ಪಾ. ನೀನು ಇಳಿ. ಅವರಿಗೆ ಕಲ್ಲು ಸಾಕು. ಹೂವನ್ನು ಗಾಳಿಯಣ್ಣ ಇಳಿಸುತ್ತಾನೆ."

ಓತಿಕ್ಯಾತ ಮೆಲ್ಲಗೆ ಇಳಿದು ಬೇಲಿ ಸೇರಿತು. ಒಂದು ಇರುವೆ ತಿಂದಿತು. ಬೆಳಿಗ್ಗೆ ಸಿರಿಯವ್ವ ಬಂದು ಬರಿಯ ಕಲ್ಲಿಗೆ ಹೂವಿಟ್ಟಳು, ಅದೇ ನಂಬಿಕೆಯಿಂದ. ದೂರದಿಂದ ನೋಡಿ ಓತಿಕ್ಯಾತ ಉಸಿರುಬಿಟ್ಟಿತು.

ಆದರೆ ದಣಿದ ಕತ್ತಿಗೆ ಮಾತ್ರ ಕೆಲಸ ಮುಗಿದದ್ದು ಗೊತ್ತಾಗಲೇ ಇಲ್ಲ.

ಅದಕ್ಕೇ ಮಕ್ಕಳೇ, ಬೇಲಿಯ ಮೇಲೆ ಕೆಂಪು ಕತ್ತಿನ ಓತಿಕ್ಯಾತ ನಿಮ್ಮನ್ನು ನೋಡಿ ತಲೆಯಾಡಿಸಿದರೆ, ಅಣಕಿಸುತ್ತಿದೆ ಅಂತ ಕಲ್ಲೆತ್ತಬೇಡಿ. ಪಾಪ, ಅದು ಇವತ್ತಿಗೂ ಆ ತುಂಬೆ ಹೂವನ್ನೇ ಕೊಡವುತ್ತಿದೆ.